ಹಾರ್ಡ್‌ವೇರ್ ಭದ್ರತೆಯ ಸಂಶೋಧನೆಗೆ ಕಂಪನಿಗಳು ಕೊಡುವ ಪ್ರಶಸ್ತಿ: ಕರಾವಳಿಯ ಸಂಶೋಧಕರು ಸಿದ್ಧರಾಗುವ ಬಗೆ

ಸುರತ್ಕಲ್, ನಿಟ್ಟೆ, ಮಣಿಪಾಲ, ಬಂಟಕಲ್, ವಾಮಂಜೂರು ಮುಂತಾದ ಕಡೆಗಳ ಇಂಜಿನಿಯರಿಂಗ್ ವಿದ್ಯಾರ್ಥಿಗಳೂ ಕಿರಿಯ ಅಧ್ಯಾಪಕರೂ ವರ್ಷವರ್ಷವೂ ನನ್ನಲ್ಲಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ಪ್ರೊಸೆಸರ್ ಮತ್ತು ಚಿಪ್‌ಗಳ ಭದ್ರತೆಯ ಕುರಿತ ಸಂಶೋಧನೆಗೆ ದೊಡ್ಡ ಕಂಪನಿಗಳು ಪ್ರಶಸ್ತಿ ಕೊಡುತ್ತವಂತೆ, ಅದರ ಅರ್ಜಿ ಎಲ್ಲಿ ಸಿಗುತ್ತದೆ, ಕೊನೆಯ ದಿನಾಂಕ ಯಾವುದು? ಅರ್ಜಿ ಕಂಪನಿಯ ಜಾಲತಾಣದಲ್ಲಿಯೇ ಇರುತ್ತದೆ, ಅದನ್ನು ತುಂಬಲು ಒಂದು ಸಂಜೆ ಸಾಕು. ಆದರೆ ಆ ಸಂಜೆಗೆ ಬೇಕಾದ ದಾಖಲೆಗಳು ಒಂದೂವರೆ ವರ್ಷ ಮೊದಲೇ ಹುಟ್ಟಿರಬೇಕು. ಒಳ್ಳೆಯ ಕೆಲಸ ಮಾಡಿಯೂ ನಮ್ಮ ಭಾಗದ ಹಲವರು ಹಿಂದೆ ಬೀಳುವುದು ಇಲ್ಲಿಯೇ ಎಂಬುದು ನನ್ನ ಖಚಿತ ಅಭಿಪ್ರಾಯ. ಆದುದರಿಂದ ಈ ಲೇಖನವನ್ನು ಅರ್ಜಿಯಿಂದಲ್ಲ, ಪ್ರಯೋಗಾಲಯದ ಮೇಜಿನಿಂದ ಆರಂಭಿಸಿ ಹಂತಹಂತವಾಗಿ ಬರೆದಿದ್ದೇನೆ.

ಮೊದಲಿಗೆ ನಿಮ್ಮ ಕೈಯಲ್ಲಿ ಇರಬೇಕಾದವುಗಳನ್ನು ಹೇಳುತ್ತೇನೆ. ವಿಷಯ ಬಲ್ಲ ಒಬ್ಬ ಮಾರ್ಗದರ್ಶಕರು, ನಿಮ್ಮದೇ ಅಥವಾ ಲಿಖಿತ ಅನುಮತಿ ಪಡೆದ ಯಂತ್ರಗಳು, ಪುಟಗಳಿಗೆ ಸಂಖ್ಯೆ ಹಾಕಿದ ಪ್ರಯೋಗದ ದಿನಚರಿ ಪುಸ್ತಕ, ಕಾಲೇಜಿನ ಅಧಿಕೃತ ಇಮೇಲ್ ವಿಳಾಸ, ಮತ್ತು ಕನಿಷ್ಠ ಹದಿನೆಂಟು ತಿಂಗಳ ತಾಳ್ಮೆ. ದುಬಾರಿ ಉಪಕರಣಗಳಿಲ್ಲದೆ ಏನೂ ಆಗದು ಎಂಬ ಮಾತನ್ನು ನಂಬಬೇಡಿ, ಅದಕ್ಕೆ ಕಾರಣವನ್ನು ಎರಡನೆಯ ಹಂತದಲ್ಲಿ ವಿವರಿಸಿದ್ದೇನೆ.

ಹಂತ 1: ಪ್ರಶಸ್ತಿಯ ಬಗೆಯನ್ನು ಗುರುತಿಸಿಕೊಳ್ಳಿ

"ಪ್ರಶಸ್ತಿ" ಎಂಬ ಒಂದೇ ಮಾತಿನಡಿ ಮೂರು ಬೇರೆ ಬೇರೆ ವ್ಯವಸ್ಥೆಗಳು ಸೇರಿಕೊಂಡಿವೆ.

ಮೊದಲನೆಯದು, ಈಗಾಗಲೇ ಪ್ರಕಟವಾದ ಪ್ರಬಂಧಕ್ಕೆ ಸಲ್ಲುವ ಗೌರವ. ಇಂಟೆಲ್ ಕಂಪನಿಯು 2021ರಲ್ಲಿ ಆರಂಭಿಸಿದ ಹಾರ್ಡ್‌ವೇರ್ ಸೆಕ್ಯುರಿಟಿ ಅಕಾಡೆಮಿಕ್ ಅವಾರ್ಡ್ ಈ ಬಗೆಯದು. ಇಂಥ ಪ್ರಶಸ್ತಿಗಳಿಗೆ ನಿರ್ದಿಷ್ಟ ಅವಧಿಯೊಳಗೆ, ತಜ್ಞರ ಪರಿಶೀಲನೆಯ ನಂತರ ಪ್ರಕಟವಾದ ಪ್ರಬಂಧಗಳನ್ನು ಮಾತ್ರ ಪರಿಗಣಿಸುತ್ತಾರೆ. ಎರಡನೆಯದು, ಮುಂದೆ ಮಾಡಲಿರುವ ಕೆಲಸದ ಪ್ರಸ್ತಾವಕ್ಕೆ ಸಿಗುವ ಫೆಲೋಶಿಪ್. ಕ್ವಾಲ್ಕಾಮ್ ಇನ್ನೋವೇಶನ್ ಫೆಲೋಶಿಪ್‌ನ ಭಾರತೀಯ ಆವೃತ್ತಿ ಮತ್ತು ಗೂಗಲ್ ಪಿಎಚ್‌ಡಿ ಫೆಲೋಶಿಪ್ ಇದಕ್ಕೆ ಉದಾಹರಣೆಗಳು. ಮೂರನೆಯದು ಬಗ್ ಬೌಂಟಿ, ಅಂದರೆ ಉತ್ಪನ್ನದಲ್ಲಿ ದೋಷ ಪತ್ತೆಹಚ್ಚಿ ಕಂಪನಿಗೆ ತಿಳಿಸಿದವರಿಗೆ ಕೊಡುವ ನಗದು ಬಹುಮಾನ. ಪ್ರೊಸೆಸರ್‌ಗಳಲ್ಲಿದ್ದ ಸ್ಪೆಕ್ಟರ್ ಮತ್ತು ಮೆಲ್ಟ್‌ಡೌನ್ ಎಂಬ ದೋಷಗಳು ಬಯಲಾದ ಮರುತಿಂಗಳು, 2018ರ ಫೆಬ್ರುವರಿಯಲ್ಲಿ, ಇಂಟೆಲ್ ಈ ಜಾತಿಯ ದೋಷಗಳಿಗೆಂದೇ ಆ ವರ್ಷಾಂತ್ಯದವರೆಗೆ ಗರಿಷ್ಠ 2,50,000 ಡಾಲರ್ ಬಹುಮಾನ ಘೋಷಿಸಿತ್ತು.

ಒಂದೇ ಸಂಶೋಧನೆ ಮೂರಕ್ಕೂ ಅರ್ಹವಾಗಬಹುದಾದರೂ ಮೂರರ ನಿಯಮಗಳು ಒಂದಕ್ಕೊಂದು ಅಡ್ಡಬರಬಹುದು. ಬೌಂಟಿಯ ಷರತ್ತಿನಂತೆ ಕಂಪನಿ ಒಪ್ಪುವವರೆಗೆ ನೀವು ಬಾಯಿ ಬಿಡುವಂತಿಲ್ಲ. ಪ್ರಬಂಧ ಪ್ರಶಸ್ತಿಗೋ ಪ್ರಕಟಣೆಯೇ ಮೊದಲ ಅರ್ಹತೆ. ಆದ್ದರಿಂದ ಯಾವುದು ನಿಮ್ಮ ಮುಖ್ಯ ಗುರಿ ಎಂಬುದನ್ನು ಮಾರ್ಗದರ್ಶಕರೊಡನೆ ಕುಳಿತು ಆರಂಭದಲ್ಲಿಯೇ ತೀರ್ಮಾನಿಸಿಕೊಳ್ಳಿ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಅಧೀನದ ಕಾಲೇಜುಗಳ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಎಚ್ಚರಿಕೆ. ಕೆಲವು ಫೆಲೋಶಿಪ್‌ಗಳಿಗೆ ಪದವಿ ನೀಡುವ ವಿಶ್ವವಿದ್ಯಾಲಯದ ಪತ್ರವೇ ಬೇಕಾಗುತ್ತದೆ. ನಿಮ್ಮ ಸಂಶೋಧನಾ ಕೇಂದ್ರ ಬಂಟಕಲ್ಲಿನಲ್ಲಿದ್ದರೂ ಪತ್ರ ಬರಬೇಕಾದದ್ದು ಬೆಳಗಾವಿಯ ವಿಟಿಯುವಿನಿಂದ. ಪ್ರಾಂಶುಪಾಲರ ಸಹಿ ಸಾಕೇ ಎಂದು ಮೊದಲೇ ಬರೆದು ಕೇಳಿ, ಉತ್ತರವನ್ನು ಜೋಪಾನವಾಗಿಡಿ.

ಬಿಇ ಓದುತ್ತಿರುವವರು ಈ ಮೂರಕ್ಕೂ ತವಕಪಡಬೇಕಿಲ್ಲ. ಬೇಕೆಂದೇ ದೋಷಗಳನ್ನು ಅಡಗಿಸಿಟ್ಟ ಚಿಪ್ ವಿನ್ಯಾಸವೊಂದನ್ನು ಕೊಟ್ಟು ಅವನ್ನು ಹುಡುಕಿಸುವ ಹ್ಯಾಕ್@ಡ್ಯಾಕ್ ಸ್ಪರ್ಧೆ, ಐಐಟಿ ಕಾನ್ಪುರದಲ್ಲಿ ಭಾರತೀಯ ಸುತ್ತು ನಡೆಸಿಕೊಂಡು ಬಂದಿರುವ ಸಿಎಸ್‌ಎಡಬ್ಲ್ಯು ಎಂಬ ಸೈಬರ್ ಭದ್ರತೆಯ ಸ್ಪರ್ಧೆ, ಇವು ಕೈ ಪಳಗಿಸಿಕೊಳ್ಳಲು ಒಳ್ಳೆಯ ಅಖಾಡಗಳು.

ಹಂತ 2: ಸಣ್ಣದಾದರೂ ಅಳೆಯಬಹುದಾದ ವಿಷಯವನ್ನು ಆರಿಸಿ

ಎರಡು ಪದಗಳನ್ನು ಮೊದಲು ಬಿಡಿಸಿ ಹೇಳಬೇಕು. ಸೈಡ್ ಚಾನೆಲ್ ಎಂದರೆ ಗುಟ್ಟಿನ ಮಾಹಿತಿಯು ಬಾಗಿಲಿನಿಂದಲ್ಲದೆ ಬೇರೆ ದಾರಿಯಿಂದ ಸೋರುವುದು. ಲೆಕ್ಕ ಮಾಡುವಾಗ ಚಿಪ್ ಎಳೆದುಕೊಳ್ಳುವ ವಿದ್ಯುತ್ತು, ತೆಗೆದುಕೊಳ್ಳುವ ಸಮಯ, ಹೊರಸೂಸುವ ವಿದ್ಯುತ್ಕಾಂತೀಯ ಅಲೆ, ಇವುಗಳ ಏರಿಳಿತದಿಂದಲೇ ಒಳಗಿನ ರಹಸ್ಯ ಕೀಲಿಯನ್ನು ಊಹಿಸಬಹುದೆಂದು ಗೂಢಲಿಪಿ ತಜ್ಞ ಪಾಲ್ ಕೋಚರ್ 1996ರಲ್ಲಿ ಸಮಯದ ವಿಚಾರವಾಗಿಯೂ, 1999ರಲ್ಲಿ ಸಂಗಡಿಗರೊಡನೆ ವಿದ್ಯುತ್ತಿನ ವಿಚಾರವಾಗಿಯೂ ತೋರಿಸಿಕೊಟ್ಟರು. ಇನ್ನೊಂದು ಪದ ಸ್ಪೆಕ್ಯುಲೇಟಿವ್ ಎಕ್ಸಿಕ್ಯೂಶನ್. ದಿನವೂ ಬರುವ ಗಿರಾಕಿ ಹೋಟೆಲಿನ ಮೆಟ್ಟಿಲು ಹತ್ತುವಾಗಲೇ, ಅವರು ಮಸಾಲೆ ದೋಸೆಯನ್ನೇ ಕೇಳುತ್ತಾರೆಂದು ಊಹಿಸಿ ಭಟ್ಟರು ಕಾವಲಿಗೆ ಹಿಟ್ಟು ಹೊಯ್ದಂತೆ, ಪ್ರೊಸೆಸರ್ ಮುಂದಿನ ಆದೇಶವನ್ನು ಊಹಿಸಿ ಕೆಲಸ ಆರಂಭಿಸುತ್ತದೆ. ಗಿರಾಕಿ ಇಡ್ಲಿ ಕೇಳಿದರೆ ದೋಸೆಯನ್ನು ತೆಗೆದಿಡಬಹುದು, ಆದರೆ ಕಾವಲಿಯ ಮೇಲೆ ಹಿಟ್ಟಿನ ಗುರುತು ಉಳಿದಿರುತ್ತದೆ. ಪ್ರೊಸೆಸರಿನಲ್ಲಿ ಹಾಗೆ ಗುರುತು ಉಳಿಯುವ ಜಾಗ ಕ್ಯಾಶ್, ಅಂದರೆ ಪದೇಪದೇ ಬೇಕಾಗುವ ಮಾಹಿತಿಯನ್ನು ಹತ್ತಿರವೇ ಇಟ್ಟುಕೊಳ್ಳುವ ಸಣ್ಣ ವೇಗದ ನೆನಪು. 2018ರ ಜನವರಿ 3ರಂದು ಜಗತ್ತಿಗೆ ತಿಳಿದ ಸ್ಪೆಕ್ಟರ್ ದಾಳಿ ಈ ಗುರುತನ್ನೇ ಓದುತ್ತದೆ.

ವಿಷಯ ದೊಡ್ಡದಿದ್ದಷ್ಟೂ ಒಳ್ಳೆಯದೆಂಬ ಭ್ರಮೆ ಬೇಡ. ಕಂಪ್ಯೂಟರಿನ ಮುಖ್ಯ ನೆನಪಾದ ಡಿರ್ಯಾಮ್ ಮೆಮೊರಿಯ ಒಂದು ಸಾಲನ್ನು ಮತ್ತೆಮತ್ತೆ ತೆರೆದು ಮುಚ್ಚಿದರೆ ಪಕ್ಕದ ಸಾಲಿನ ಬಿಟ್‌ಗಳು 0 ಇದ್ದದ್ದು 1, 1 ಇದ್ದದ್ದು 0 ಆಗಿ ಬದಲಾಗಬಹುದು ಎಂದು ತೋರಿಸಿದ ರೋಹ್ಯಾಮರ್ ಪ್ರಬಂಧವನ್ನು ನೋಡಿ. 2014ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಮತ್ತು ಇಂಟೆಲ್ ಲ್ಯಾಬ್ಸ್‌ನ ಸಂಶೋಧಕರು ಪ್ರಕಟಿಸಿದ ಆ ಪ್ರಬಂಧದ ಬಲವಿದ್ದುದು ಎಣಿಕೆಯಲ್ಲಿ: ಮೂರು ತಯಾರಕರ 129 ಮೆಮೊರಿ ಮಾಡ್ಯೂಲ್‌ಗಳನ್ನು ಪರೀಕ್ಷಿಸಿ, ಅವುಗಳಲ್ಲಿ 110ರಲ್ಲಿ ದೋಷ ಕಂಡಿತೆಂದು ಅವರು ಬರೆದರು. ತೀರ್ಪುಗಾರರಾಗಿ ಕುಳಿತ ಕಂಪನಿಯ ಇಂಜಿನಿಯರ್ ಇಂಥ ಲೆಕ್ಕವನ್ನೇ ಹುಡುಕುತ್ತಾರೆ.

ಸಲಕರಣೆಯ ಮಾತಿಗೆ ಬಂದರೆ, ವಿದ್ಯುತ್ ಬಳಕೆಯ ವಿಶ್ಲೇಷಣೆಗೆ ಚಿಪ್‌ವಿಸ್ಪರರ್‌ನಂತಹ ಸಿದ್ಧ ಸರ್ಕ್ಯೂಟ್ ಹಲಗೆ, ಸಾಧಾರಣ ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ರೂಪಿಸಿಕೊಳ್ಳಬಹುದಾದ ಚಿಪ್) ಕಿಟ್, ವಿನ್ಯಾಸ ಹಂತದ ಕೆಲಸಕ್ಕೆ ಪ್ರೊಸೆಸರನ್ನು ತಂತ್ರಾಂಶದಲ್ಲಿಯೇ ಅನುಕರಿಸುವ ಜೆಮ್5 ಎಂಬ ಉಚಿತ ಸಿಮ್ಯುಲೇಟರ್ ಸಾಕು. ಐಐಟಿ ಮದ್ರಾಸ್ ಅಭಿವೃದ್ಧಿಪಡಿಸಿ ಮುಕ್ತವಾಗಿಟ್ಟಿರುವ ಶಕ್ತಿ ಪ್ರೊಸೆಸರ್‌ಗಳ ವಿನ್ಯಾಸವನ್ನು ತೆರೆದು ನೋಡಬಹುದು, ತಿದ್ದಬಹುದು. ಆದರೆ ಕೊಳ್ಳುವ ಮೊದಲು ಒಳಗಿನ ಪ್ರೊಸೆಸರ್ ಯಾವುದೆಂದು ಓದಿಕೊಳ್ಳಿ. ಸ್ಪೆಕ್ಟರ್ ಪ್ರಯೋಗಕ್ಕೆಂದು ರಾಸ್ಪ್‌ಬೆರಿ ಪೈ 3 ತಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡ ವಿದ್ಯಾರ್ಥಿಗಳನ್ನು ನಾನು ಕಂಡಿದ್ದೇನೆ. ಅದರಲ್ಲಿರುವ ಕಾರ್ಟೆಕ್ಸ್-ಎ53 ಪ್ರೊಸೆಸರಿಗೆ ಆ ದಾಳಿ ತಟ್ಟುವುದಿಲ್ಲ, ಪೈ 4ರಲ್ಲಿರುವ ಕಾರ್ಟೆಕ್ಸ್-ಎ72ಕ್ಕೆ ತಟ್ಟುತ್ತದೆ.

ಹಂತ 3: ಅನುಮತಿ ಪಡೆದು ಅಳೆಯಿರಿ, ಅಳೆದುದನ್ನು ನಂಬುವ ಮುನ್ನ ಪರೀಕ್ಷಿಸಿ

ಕಾಲೇಜಿನ ಸರ್ವರಿನಲ್ಲಾಗಲಿ, ಬಾಡಿಗೆಯ ಕ್ಲೌಡ್ ಯಂತ್ರದಲ್ಲಾಗಲಿ ಕುತೂಹಲಕ್ಕೆಂದೂ ದಾಳಿಯ ಪ್ರಯೋಗ ನಡೆಸಬೇಡಿ. ಮಾಲೀಕರ ಅನುಮತಿಯಿಲ್ಲದೆ ಕಂಪ್ಯೂಟರಿನಿಂದ ಮಾಹಿತಿ ತೆಗೆಯುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43 ಮತ್ತು 66ನೇ ಕಲಮುಗಳ ವ್ಯಾಪ್ತಿಗೆ ಬರುತ್ತದೆ, ಸಂಶೋಧನೆಯ ಉದ್ದೇಶವಿತ್ತೆಂಬ ಮಾತು ನಿಮ್ಮನ್ನು ತಾನಾಗಿ ಕಾಯುವುದಿಲ್ಲ. ಬೇರೆ ಯಾರೂ ಬಳಸದ ಒಂದು ಯಂತ್ರವನ್ನು ಪ್ರತ್ಯೇಕವಾಗಿಟ್ಟು, ವಿಭಾಗದ ಮುಖ್ಯಸ್ಥರಿಂದ ಒಂದು ಪುಟದ ಅನುಮತಿ ಪತ್ರ ಬರೆಯಿಸಿಕೊಳ್ಳಿ.

ವಿದ್ಯುತ್ ಬಳಕೆಯನ್ನು ಅಳೆಯುವವರಿಗೆ ನಮ್ಮ ಮಳೆಗಾಲ ನಿಜವಾದ ಪರೀಕ್ಷೆ. ಒಂದು ಗೂಢಲಿಪೀಕರಣ ನಡೆಯುವಾಗ ಆಸಿಲೋಸ್ಕೋಪ್ ದಾಖಲಿಸುವ ಅಲೆಗೆ ಟ್ರೇಸ್ ಎನ್ನುತ್ತಾರೆ. ಸಾವಿರಾರು ಟ್ರೇಸ್‌ಗಳನ್ನು ಗಂಟೆಗಟ್ಟಲೆ ಸಂಗ್ರಹಿಸುವ ನಡುವೆ ಕರೆಂಟು ಹೋದರೆ ಸಂಗ್ರಹವೇ ಎರಡು ತುಂಡಾಗುತ್ತದೆ, ಮತ್ತೆ ಆರಂಭಿಸಿದಾಗ ಚಿಪ್ ತಣ್ಣಗಾಗಿದ್ದು ಅಲೆಯ ಮಟ್ಟ ಸ್ವಲ್ಪ ಸರಿದಿರುತ್ತದೆ. ಹಲಗೆಗೂ ಸ್ಕೋಪಿಗೂ ಕಂಪ್ಯೂಟರಿಗೂ ಒಂದೇ ಯುಪಿಎಸ್‌ನಿಂದ ವಿದ್ಯುತ್ ಕೊಡಿ, ಪ್ರತಿ ಸಾವಿರ ಟ್ರೇಸ್‌ಗೊಮ್ಮೆ ಕಡತವನ್ನು ಉಳಿಸಿ, ಕೋಣೆಯ ಉಷ್ಣತೆಯನ್ನು ದಿನಚರಿಯಲ್ಲಿ ಬರೆದಿಡಿ.

ಇದಕ್ಕಿಂತಲೂ ಸೂಕ್ಷ್ಮವಾದ ಒಂದು ತಪ್ಪಿದೆ. ಸೋರಿಕೆ ಇದೆಯೇ ಎಂದು ಪರೀಕ್ಷಿಸಲು ಒಂದೇ ಸ್ಥಿರ ಇನ್‌ಪುಟ್ ಕೊಟ್ಟು ತೆಗೆದ ಟ್ರೇಸ್‌ಗಳನ್ನು, ಯಾದೃಚ್ಛಿಕ ಇನ್‌ಪುಟ್ ಕೊಟ್ಟು ತೆಗೆದವುಗಳೊಡನೆ ಹೋಲಿಸುವ ಟಿವಿಎಲ್‌ಎ ಎಂಬ ಸಂಖ್ಯಾಶಾಸ್ತ್ರೀಯ ವಿಧಾನವಿದೆ. ಇವೆರಡರ ನಡುವಿನ ಟಿ-ಮೌಲ್ಯ 4.5ನ್ನು ದಾಟಿದರೆ ಸೋರಿಕೆಯ ಸೂಚನೆ ಎಂದು ರೂಢಿಯಲ್ಲಿ ಹೇಳುತ್ತಾರೆ. ಬೆಳಿಗ್ಗೆ ಸ್ಥಿರ ಇನ್‌ಪುಟ್‌ನವುಗಳನ್ನೆಲ್ಲ ತೆಗೆದು, ಊಟ ಮುಗಿಸಿ ಬಂದು ಮಧ್ಯಾಹ್ನ ಉಳಿದವುಗಳನ್ನು ತೆಗೆದರೆ, ಸೋರಿಕೆ ಇಲ್ಲದ ಚಿಪ್ಪಿನಲ್ಲಿಯೂ ಬೆಳಗಿನ ಮತ್ತು ಮಧ್ಯಾಹ್ನದ ಸೆಕೆಯ ವ್ಯತ್ಯಾಸವೇ 4.5ನ್ನು ದಾಟಿಸಬಲ್ಲದು. ಎರಡು ಬಗೆಯ ಇನ್‌ಪುಟ್‌ಗಳನ್ನೂ ಯಾವ ಕ್ರಮವೂ ಇಲ್ಲದಂತೆ ಬೆರೆಸಿಯೇ ಅಳೆಯಬೇಕು. ನನ್ನ ಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬರ ಎರಡು ತಿಂಗಳ ಕೆಲಸ ಈ ಒಂದು ಕಾರಣಕ್ಕೆ ವ್ಯರ್ಥವಾಯಿತು. ಅದನ್ನು ಮೊದಲೇ ಹೇಳಿಕೊಡದಿದ್ದ ಹೊಣೆ ನನ್ನದೇ.

ಹಂತ 4: ದೋಷ ಕಂಡರೆ ಮೊದಲು ಕಂಪನಿಗೆ ತಿಳಿಸಿ

ಇಡೀ ದಾರಿಯಲ್ಲಿ ಅತಿ ಹೆಚ್ಚು ಎಡವಟ್ಟಾಗುವುದು ಇಲ್ಲಿ, ಆದ್ದರಿಂದ ನಿಧಾನವಾಗಿ ಓದಿ. ಮಾರುಕಟ್ಟೆಯಲ್ಲಿರುವ ಚಿಪ್ಪಿನಲ್ಲಿ ದೋಷ ಕಂಡುಬಂದರೆ ಅದನ್ನು ವಿಚಾರ ಸಂಕಿರಣದಲ್ಲಿ, ಕಾಲೇಜಿನ ತಾಂತ್ರಿಕ ಹಬ್ಬದಲ್ಲಿ, ಲಿಂಕ್ಡ್‌ಇನ್‌ನಲ್ಲಿ ಹೇಳಿಕೊಳ್ಳುವ ಮೊದಲು ತಯಾರಕರ ಭದ್ರತಾ ಪ್ರತಿಕ್ರಿಯಾ ತಂಡಕ್ಕೆ ತಿಳಿಸಬೇಕು. ಇಂಥ ತಂಡವನ್ನು ಪಿಎಸ್‌ಐಆರ್‌ಟಿ ಎಂದು ಕರೆಯುತ್ತಾರೆ. ಅದರ ವಿಳಾಸವೂ, ಪತ್ರವನ್ನು ಗೂಢಲಿಪಿಗೆ ತಿರುಗಿಸಲು ಬೇಕಾದ ಪಿಜಿಪಿ ಕೀಲಿಯೂ ಕಂಪನಿಯ ಜಾಲತಾಣದಲ್ಲಿರುತ್ತವೆ. ಕಂಪನಿ ಸ್ಪಂದಿಸದಿದ್ದರೆ, ಅಥವಾ ಯಾರನ್ನು ಸಂಪರ್ಕಿಸಬೇಕೆಂದು ತಿಳಿಯದಿದ್ದರೆ, ನಮ್ಮ ದೇಶದಲ್ಲಿ ಸೈಬರ್ ಭದ್ರತೆಯ ಘಟನೆಗಳನ್ನು ನೋಡಿಕೊಳ್ಳುವ ಸರ್ಕಾರದ ಸರ್ಟ್-ಇನ್ ಸಂಸ್ಥೆಗೆ ಬರೆಯಬಹುದು. ದೋಷಗಳಿಗೆ ಜಾಗತಿಕವಾಗಿ ಒಪ್ಪಿತವಾದ ಸಿವಿಇ ಗುರುತಿನ ಸಂಖ್ಯೆ ನೀಡುವ ಅಧಿಕಾರವೂ ಅದಕ್ಕಿದೆ.

ಮೊದಲ ಪತ್ರದಲ್ಲಿ ಇರಬೇಕಾದವು ಇಷ್ಟು: ಚಿಪ್ಪಿನ ನಿಖರವಾದ ಮಾದರಿ, ಮೈಕ್ರೋಕೋಡ್ ಆವೃತ್ತಿ (ಪ್ರೊಸೆಸರಿನ ಒಳಗಿನ, ತಿದ್ದಬಹುದಾದ ಆದೇಶಗಳ ಪದರ), ಕಾರ್ಯಾಚರಣ ವ್ಯವಸ್ಥೆಯ ಆವೃತ್ತಿ, ದೋಷವನ್ನು ಮರುಸೃಷ್ಟಿಸುವ ಚಿಕ್ಕ ಪ್ರೋಗ್ರಾಮು, ಮತ್ತು ಪ್ರಬಂಧವನ್ನು ಯಾವ ಸಮ್ಮೇಳನಕ್ಕೆ, ಯಾವಾಗ ಕಳುಹಿಸಲಿದ್ದೀರಿ ಎಂಬ ಸ್ಪಷ್ಟ ಸೂಚನೆ. ಬಹುಮಾನದ ಮಾತನ್ನು ಈ ಪತ್ರದಲ್ಲಿ ಎತ್ತಬೇಡಿ. ಹಣ ಕೊಟ್ಟರೆ ಮಾತ್ರ ವಿವರ ಕೊಡುತ್ತೇವೆ ಎಂಬ ಧ್ವನಿ ಬಂದರೆ ಅದು ಸಂಶೋಧನೆಯಾಗಿ ಉಳಿಯುವುದಿಲ್ಲ.

ಬಳಿಕ ಎಂಬಾರ್ಗೋ ಆರಂಭವಾಗುತ್ತದೆ. ಪರಿಹಾರ ಸಿದ್ಧವಾಗುವವರೆಗೆ ಎಲ್ಲರೂ ಗುಟ್ಟು ಕಾಯಬೇಕಾದ ಅವಧಿಗೆ ಈ ಹೆಸರು. ತಂತ್ರಾಂಶದ ದೋಷಗಳಿಗೆ ಗೂಗಲ್‌ನ ದೋಷ ಹುಡುಕುವ ತಂಡವಾದ ಪ್ರಾಜೆಕ್ಟ್ ಝೀರೋ ಪಾಲಿಸುವ 90 ದಿನಗಳ ಗಡುವು ಪ್ರಸಿದ್ಧವಾಗಿದೆ. ಹಾರ್ಡ್‌ವೇರಿಗೆ ಅಷ್ಟು ಸಾಲದು. ಮೈಕ್ರೋಕೋಡ್ ತಿದ್ದಿ, ಅದನ್ನು ಕಾರ್ಯಾಚರಣ ವ್ಯವಸ್ಥೆಯವರೂ ಕ್ಲೌಡ್ ಕಂಪನಿಗಳೂ ಪರೀಕ್ಷಿಸಿ, ಕೋಟ್ಯಂತರ ಯಂತ್ರಗಳಿಗೆ ತಲುಪಿಸಬೇಕಾಗುತ್ತದೆ. ಸ್ಪೆಕ್ಟರ್ ಕುರಿತು ಕಂಪನಿಗಳಿಗೆ 2017ರ ಜೂನ್‌ನಲ್ಲಿ ತಿಳಿಸಲಾಯಿತು, ಬಹಿರಂಗವಾದದ್ದು ಮರುವರ್ಷದ ಜನವರಿಯಲ್ಲಿ. ಸಂಶೋಧಕ ಡೇನಿಯಲ್ ಮೊಗಿಮಿ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಕಂಡುಹಿಡಿದ ಡೌನ್‌ಫಾಲ್ ಎಂಬ ದೋಷ ಇಂಟೆಲ್‌ಗೆ 2022ರ ಆಗಸ್ಟ್‌ನಲ್ಲಿ ತಿಳಿದು, 2023ರ ಆಗಸ್ಟ್‌ನಲ್ಲಿ ಪ್ರಕಟವಾಯಿತು.

ಇದಕ್ಕೂ ಪ್ರಶಸ್ತಿಗೂ ಏನು ಸಂಬಂಧವೆಂದರೆ, ಎಂಬಾರ್ಗೋ ಉದ್ದವಾದಂತೆ ನಿಮ್ಮ ಪ್ರಬಂಧದ ಪ್ರಕಟಣೆಯ ದಿನಾಂಕ ಮುಂದೆ ಹೋಗಿ, ಅರ್ಹತೆಯ ವರ್ಷವೇ ಬದಲಾಗಬಹುದು. ದಿನಾಂಕ ಹಿಂದಕ್ಕೂ ಬರಬಹುದು: ಸ್ಪೆಕ್ಟರನ್ನು ಜನವರಿ 9ಕ್ಕೆ ಪ್ರಕಟಿಸಬೇಕೆಂದಿದ್ದರೂ ಪತ್ರಿಕೆಗಳಲ್ಲಿ ಸುದ್ದಿ ಹರಡಿದ್ದರಿಂದ ಆರು ದಿನ ಮೊದಲೇ ಪ್ರಕಟಿಸಬೇಕಾಯಿತು. ಆದ್ದರಿಂದ ಕಂಪನಿಯೊಡನೆ ದಿನಾಂಕಗಳನ್ನು ಲಿಖಿತವಾಗಿಯೇ ಒಪ್ಪಿಕೊಳ್ಳಿ, ಬದಲಾದಾಗಲೆಲ್ಲ ಮತ್ತೆ ಬರೆಯಿಸಿಕೊಳ್ಳಿ, ಪ್ರತಿ ಇಮೇಲನ್ನೂ ಒಂದೇ ಕಡತದಲ್ಲಿ ಜೋಡಿಸಿಡಿ. ಮುಂದೆ ನಾಮನಿರ್ದೇಶನ ಪತ್ರದಲ್ಲಿ "ಜವಾಬ್ದಾರಿಯುತವಾಗಿ ತಿಳಿಸಿದ್ದೇವೆ" ಎಂದು ಬರೆಯುವಾಗ ಈ ಕಡತವೇ ನಿಮ್ಮ ಸಾಕ್ಷಿ. ಕೋಡನ್ನು ಗಿಟ್‌ಹಬ್‌ನಲ್ಲಿ ಇಡುವವರು ಅದು ಖಾಸಗಿಯಾಗಿದೆಯೇ ಎಂದು ಎರಡು ಬಾರಿ ನೋಡಿಕೊಳ್ಳಿ. ಒಂದು ತಪ್ಪು ಕ್ಲಿಕ್ಕಿನಿಂದ ತಿಂಗಳುಗಳ ವಿಶ್ವಾಸ ಮುರಿದುಬಿದ್ದೀತು.

ಹಂತ 5: ಪೇಟೆಂಟ್ ಬೇಕೇ ಎಂದು ಪ್ರಕಟಣೆಗೆ ಮೊದಲೇ ತೀರ್ಮಾನಿಸಿ

ಪರಿಹಾರದ ವಿನ್ಯಾಸವೊಂದನ್ನು ನೀವು ರೂಪಿಸಿದ್ದರೆ ಮಾತ್ರ ಈ ಹಂತ ನಿಮಗೆ ಅನ್ವಯಿಸುತ್ತದೆ. ಪ್ರಬಂಧ ಪ್ರಕಟವಾದ ಮೇಲೆ ಪೇಟೆಂಟ್ ಕೇಳಿದರೆ ಹೊಸತನವೇ ಹೋಯಿತೆಂದು ತಿರಸ್ಕೃತವಾಗುವ ಸಂಭವ ಹೆಚ್ಚು, ಭಾರತದ ಪೇಟೆಂಟ್ ಕಾಯ್ದೆಯ 31ನೇ ಕಲಮಿನ ಹನ್ನೆರಡು ತಿಂಗಳ ರಿಯಾಯಿತಿ ಬಹಳ ಸೀಮಿತವಾದುದು. ಭಾರತದಲ್ಲಿ ವಾಸಿಸುವವರು ಮೊದಲು ವಿದೇಶದಲ್ಲಿ ಅರ್ಜಿ ಹಾಕುವುದಿದ್ದರೆ 39ನೇ ಕಲಮಿನಂತೆ ಮೊದಲೇ ಅನುಮತಿ ಪಡೆಯಬೇಕು. ಪ್ರಶಸ್ತಿಯ ಷರತ್ತುಗಳಲ್ಲಿ ಬೌದ್ಧಿಕ ಆಸ್ತಿಯ ಕುರಿತ ಸಾಲುಗಳಿದ್ದರೆ ಅವನ್ನು ಕಾಲೇಜಿನ ಪೇಟೆಂಟ್ ಘಟಕಕ್ಕೆ ತೋರಿಸದೆ ಸಹಿ ಮಾಡಬೇಡಿ.

ಹಂತ 6: ತಕ್ಕ ವೇದಿಕೆಯಲ್ಲಿ ಪ್ರಕಟಿಸಿ

ಯೂಸ್‌ನಿಕ್ಸ್ ಸೆಕ್ಯುರಿಟಿ, ಐಇಇಇ ಸೆಕ್ಯುರಿಟಿ ಆಂಡ್ ಪ್ರೈವಸಿ, ಎಸಿಎಂ ಸಿಸಿಎಸ್, ಎನ್‌ಡಿಎಸ್‌ಎಸ್, ಕಂಪ್ಯೂಟರ್ ರಚನೆಯ ಕಡೆಯಿಂದ ಇಸ್ಕಾ ಮತ್ತು ಮೈಕ್ರೋ, ಗೂಢಲಿಪಿಯ ಹಾರ್ಡ್‌ವೇರಿಗೆ ಚೆಸ್ ಎಂಬ ಸಮ್ಮೇಳನ, ಇವು ತೀರ್ಪುಗಾರರು ನಂಬುವ ವೇದಿಕೆಗಳು. ಮೊದಲ ಪ್ರಬಂಧಕ್ಕೆ ಹೋಸ್ಟ್, ಏಷ್ಯನ್‌ಹೋಸ್ಟ್, ಅಥವಾ ನಮ್ಮ ದೇಶದಲ್ಲಿ ನಡೆದು ಬಂದಿರುವ ಸ್ಪೇಸ್ ಸಮ್ಮೇಳನವನ್ನು ಆರಿಸಿಕೊಳ್ಳುವುದರಲ್ಲಿ ಸಂಕೋಚವೇನೂ ಬೇಡ.

ಹಣ ಪಡೆದು ಹತ್ತೇ ದಿನಗಳಲ್ಲಿ ಅಚ್ಚು ಹಾಕುವ ಪತ್ರಿಕೆಗಳಿಗೆ ದಯವಿಟ್ಟು ನಿಮ್ಮ ಕೆಲಸವನ್ನು ಒಪ್ಪಿಸಬೇಡಿ. ಬಡ್ತಿಯ ಅಂಕಗಳಿಗಾಗಿ ಅಂಥಲ್ಲಿ ಹಾಕಿದ ಒಂದು ಒಳ್ಳೆಯ ಫಲಿತಾಂಶವನ್ನು ಮತ್ತೆ ಒಳ್ಳೆಯ ವೇದಿಕೆಯಲ್ಲಿ ಪ್ರಕಟಿಸಲು ಆಗುವುದಿಲ್ಲ. ನಮ್ಮ ಜಿಲ್ಲೆಗಳ ಎಷ್ಟೋ ಶ್ರದ್ಧೆಯ ಕೆಲಸ ಹೀಗೆ ಮಣ್ಣುಪಾಲಾಗಿರುವುದನ್ನು ಕಂಡು ನನಗೆ ನೋವಾಗಿದೆ.

ಸಮ್ಮೇಳನವು ಆರ್ಟಿಫ್ಯಾಕ್ಟ್ ಪರಿಶೀಲನೆಗೆ ಅವಕಾಶ ಕೊಟ್ಟರೆ ಖಂಡಿತ ಬಳಸಿಕೊಳ್ಳಿ. ನಿಮ್ಮ ಕೋಡು ಮತ್ತು ದತ್ತಾಂಶವನ್ನು ಮೂರನೆಯವರು ಓಡಿಸಿ ನೋಡಿ, ಪ್ರಬಂಧದಲ್ಲಿ ಹೇಳಿದ ಫಲಿತಾಂಶ ಬರುತ್ತದೆಯೇ ಎಂದು ಖಚಿತಪಡಿಸುವ ವ್ಯವಸ್ಥೆ ಇದು. ಸಣ್ಣ ಊರಿನ, ಹೆಸರು ಕೇಳಿರದ ಕಾಲೇಜಿನ ತಂಡಕ್ಕೆ ಇದಕ್ಕಿಂತ ದೊಡ್ಡ ಶಿಫಾರಸು ಪತ್ರ ಇನ್ನೊಂದಿಲ್ಲ. ಕಡತಗಳನ್ನು ಜೆನೋಡೋದಂತಹ ಶಾಶ್ವತ ಸಂಗ್ರಹದಲ್ಲಿಡಿ.

ಹಂತ 7: ನಾಮನಿರ್ದೇಶನ ಪತ್ರವನ್ನು ಬರೆಯಿರಿ

ಪ್ರಬಂಧದ ಸಾರಾಂಶವನ್ನು ಹಾಗೆಯೇ ನಕಲು ಮಾಡಿ ಅಂಟಿಸುವುದು ಎಲ್ಲೆಡೆ ಕಾಣುವ ತಪ್ಪು. ಸಾರಾಂಶವನ್ನು ಸಹಸಂಶೋಧಕರಿಗಾಗಿ ಬರೆದಿರುತ್ತೀರಿ. ಈ ಪತ್ರವನ್ನು ಓದುವವರು, ಮುಂದಿನ ಚಿಪ್ಪಿನಲ್ಲಿ ಏನು ಬದಲಿಸಬೇಕೆಂದು ಯೋಚಿಸುವ ಇಂಜಿನಿಯರುಗಳು. ಪತ್ರವು ಇಂಗ್ಲಿಷಿನಲ್ಲಿಯೇ ಇರಬೇಕಾಗುತ್ತದೆ, ಆದರೆ ಅದರ ಧಾಟಿಯನ್ನು ಕನ್ನಡದಲ್ಲಿಯೇ ತೋರಿಸುತ್ತೇನೆ.

ಹೀಗೆ ಬರೆಯಬೇಡಿ: "ಆಧುನಿಕ ಪ್ರೊಸೆಸರುಗಳ ಭದ್ರತೆಯು ಇಂದು ಅತ್ಯಂತ ಮಹತ್ವದ ವಿಷಯವಾಗಿದ್ದು, ನಮ್ಮ ತಂಡವು ನವೀನ ವಿಧಾನವೊಂದನ್ನು ರೂಪಿಸಿ ಹಿಂದಿನವುಗಳಿಗಿಂತ ಉತ್ತಮ ಫಲಿತಾಂಶ ಪಡೆದಿದೆ."

ಹೀಗೆ ಬರೆಯಿರಿ: "ರಹಸ್ಯ ಕೀಲಿಯನ್ನು ಎರಡು ಯಾದೃಚ್ಛಿಕ ಪಾಲುಗಳಾಗಿ ಒಡೆದು ಕಾಪಾಡುವ ಮಾಸ್ಕಿಂಗ್ ವಿಧಾನವು ಕೋಡಿನಲ್ಲಿ ಸರಿಯಾಗಿದ್ದರೂ, ಒಂದೇ ರಿಜಿಸ್ಟರಿನಲ್ಲಿ ಮೊದಲ ಪಾಲಿನ ಮೇಲೆ ಎರಡನೆಯದು ಬಂದು ಕುಳಿತಾಗ ಕೀಲಿಯ ಸುಳಿವು ವಿದ್ಯುತ್ ಬಳಕೆಯಲ್ಲಿ ಸೋರುತ್ತದೆಂದು ತೋರಿಸಿದ್ದೇವೆ. ಕಂಪೈಲರ್ ಹಂತದಲ್ಲಿಯೇ ಇದನ್ನು ತಡೆಯುವ ಪರಿಹಾರ ಕೊಟ್ಟಿದ್ದೇವೆ, ಚಿಪ್ ಬದಲಿಸಬೇಕಾಗಿಲ್ಲ."

ಎರಡನೆಯದರಲ್ಲಿ ದೋಷ ಎಲ್ಲಿದೆ, ಏಕೆ ಹುಟ್ಟುತ್ತದೆ, ಸರಿಪಡಿಸಲು ಎಷ್ಟು ಖರ್ಚು ಎಂಬ ಮೂರೂ ಸಂಗತಿಗಳಿವೆ. ಇದಕ್ಕೆ ಸಿವಿಇ ಸಂಖ್ಯೆ, ಬಿಡುಗಡೆಯಾದ ಪರಿಹಾರ, ನಿಮ್ಮ ಕೋಡನ್ನು ಬಳಸಿಕೊಂಡ ಬೇರೆಯವರ ಕೆಲಸ ಇದ್ದರೆ ಸೇರಿಸಿ. ಪರಿಹಾರದಿಂದ ವೇಗ ಎಷ್ಟು ಕುಗ್ಗುತ್ತದೆ ಎಂಬುದನ್ನು ಮುಚ್ಚಿಡಬೇಡಿ, ಓದುವವರಿಗೆ ಹುಟ್ಟುವ ಮೊದಲ ಪ್ರಶ್ನೆಯೇ ಅದು. 300 ಪದ ಎಂದಿದ್ದರೆ 300ಕ್ಕೇ ನಿಲ್ಲಿಸಿ. ಕಳುಹಿಸುವ ಮೊದಲು ಎಲ್ಲ ಸಹಲೇಖಕರ ಒಪ್ಪಿಗೆಯನ್ನು ಇಮೇಲಿನಲ್ಲಿ ಪಡೆಯಿರಿ. ಪ್ರಯೋಗ ಮಾಡಿದ ವಿದ್ಯಾರ್ಥಿಯ ಹೆಸರನ್ನು ಕೊನೆಗೆ ತಳ್ಳಿ ಹಿರಿಯರ ಹೆಸರನ್ನು ಮುಂದಿಡುವ ಅಭ್ಯಾಸ ನಮ್ಮಲ್ಲಿ ಕೆಲವೆಡೆ ಇದೆ. ಅದು ಅನ್ಯಾಯ, ಹಾಗೆ ಮಾಡಬೇಡಿ.

ಅಂತಿಮ ಪಟ್ಟಿಯಲ್ಲಿರುವವರನ್ನು ಆನ್‌ಲೈನ್ ಪ್ರಸ್ತುತಿಗೆ ಕರೆದರೆ, ಅಮೆರಿಕದ ಸಮಯದ ಕಾರಣ ಅದು ರಾತ್ರಿ ಇರಬಹುದು. ಇಂಟರ್ನೆಟ್ಟಿಗೆ ಎರಡು ಸಂಪರ್ಕಗಳನ್ನಿಟ್ಟುಕೊಳ್ಳಿ.

ಹಂತ 8: ಹಣ ಮತ್ತು ಕಾಗದಪತ್ರ

ಬಹುಮಾನ ನಿಮ್ಮ ಖಾತೆಗೆ ಬರುತ್ತದೆಯೇ, ಕಾಲೇಜಿನ ಖಾತೆಗೋ ಎಂದು ಮೊದಲು ಕೇಳಿ. ಕಾಲೇಜಿಗೆ ವಿದೇಶದಿಂದ ಹಣ ಬರುವುದಾದರೆ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ, 2010 ಅನ್ವಯಿಸುತ್ತದೆಯೇ ಎಂಬುದನ್ನು ಹಣಕಾಸು ಅಧಿಕಾರಿಗಳು ಮೊದಲೇ ಪರಿಶೀಲಿಸಬೇಕು. ನಿಮ್ಮ ಖಾತೆಗಾದರೆ ಅಮೆರಿಕದ ಕಂಪನಿಗಳು ಸಾಮಾನ್ಯವಾಗಿ ಡಬ್ಲ್ಯು-8ಬೆನ್ ಎಂಬ ನಮೂನೆ ಕೇಳುತ್ತವೆ, ತೆರಿಗೆಯ ಲೆಕ್ಕದಲ್ಲಿ ನೀವು ಆ ದೇಶದವರಲ್ಲ ಎಂಬ ಘೋಷಣೆ ಅದು. ಸರ್ಕಾರ ಕೊಡುವ ಅಥವಾ ಸರ್ಕಾರ ಅನುಮೋದಿಸಿದ ಪ್ರಶಸ್ತಿಗಳಿಗೆ ಇರುವ ಆದಾಯ ತೆರಿಗೆ ವಿನಾಯಿತಿಯು ಖಾಸಗಿ ಕಂಪನಿಯ ಪ್ರಶಸ್ತಿಗೆ ತಾನಾಗಿ ಸಿಗುವುದಿಲ್ಲ. ಹಣ ಖರ್ಚು ಮಾಡುವ ಮೊದಲೇ ಲೆಕ್ಕಪರಿಶೋಧಕರನ್ನು ಕಾಣಿ.

ಕೊನೆಯದಾಗಿ ಹೆಸರಿನ ವಿಚಾರ. ನಮ್ಮಲ್ಲಿ ಅಂಕಪಟ್ಟಿಯಲ್ಲಿ ಇನಿಶಿಯಲ್, ಪ್ಯಾನ್ ಕಾರ್ಡಿನಲ್ಲಿ ತಂದೆಯ ಪೂರ್ಣ ಹೆಸರು, ಪ್ರಬಂಧದಲ್ಲಿ ಮನೆತನದ ಹೆಸರು ಹೀಗೆ ಮೂರು ರೂಪಗಳಿರುವುದು ಸಾಮಾನ್ಯ, ವಿದೇಶಿ ಪಾವತಿಯನ್ನು ಬ್ಯಾಂಕು ತಡೆಹಿಡಿಯಲು ಇಷ್ಟೇ ಸಾಕು. ಮೊದಲ ಪ್ರಬಂಧದಿಂದಲೇ ಪಾಸ್‌ಪೋರ್ಟಿನಲ್ಲಿರುವ ಹೆಸರನ್ನೇ ಬಳಸಿ, ಪ್ಯಾನ್ ಮತ್ತು ಪಾಸ್‌ಬುಕ್ಕಿನಲ್ಲಿಯೂ ಅದೇ ಅಕ್ಷರಗಳಿವೆಯೇ ಎಂದು ಈ ವಾರವೇ ತೆಗೆದು ನೋಡಿ. ತಿದ್ದುಪಡಿಗೆ ಅರ್ಜಿ ಕೊಟ್ಟರೆ ಅದು ಕೈಗೆ ಬರಲು ಸಮಯ ಹಿಡಿಯುತ್ತದೆ.